ನೂರು ವಾಟ್ ಎಲ್‌ಇಡಿ ಬೋರ್ಡ್ ಕೆಳಗೆ ಖಾರದ ಮೆಣಸಿನಕಾಯಿ: ದೀರ್ಘ ಬಳಕೆಯ ವಿಮರ್ಶೆ

ಪೆಟ್ಟಿಗೆಯ ಮೇಲೆ 3×3 ಅಡಿ ಜಾಗಕ್ಕೆ ಸಾಕು ಎಂದು ಬರೆದಿದ್ದರೂ ನೂರು ವಾಟ್‌ನ ಬಿಳಿ ಎಲ್‌ಇಡಿ ಗ್ರೋ ಲೈಟ್ ನಿಜವಾಗಿ ಸಾಲುವುದು 2×2 ಅಡಿಗೆ, ಅಂದರೆ ಕಾಯಿ ಬಿಡುವ ಎರಡೇ ಗಿಡಕ್ಕೆ. ಆ ಲೆಕ್ಕ ಇಟ್ಟುಕೊಂಡು ಕೊಂಡರೆ ಇದು ಒಳ್ಳೆಯ ಸಾಮಾನು. ನಾಲ್ಕು ಕುಂಡ ತುರುಕಿದರೆ ಸಿಗುವುದು ಸೊಪ್ಪು ಮಾತ್ರ.

ಇಲ್ಲಿ ಹೇಳುತ್ತಿರುವುದು 3500 ಕೆಲ್ವಿನ್ ಬಿಳಿ ಡಯೋಡ್‌ಗಳ ನಡುವೆ ಅಲ್ಲಲ್ಲಿ 660 ನ್ಯಾನೊಮೀಟರ್ ಕೆಂಪು ಡಯೋಡ್ ಇರುವ ಬೋರ್ಡ್ ಬಗ್ಗೆ. ಹಿಂಬದಿಗೆ ದಪ್ಪ ಅಲ್ಯೂಮಿನಿಯಂ ತಗಡು, ಡ್ರೈವರ್ (ಡಯೋಡ್‌ಗಳಿಗೆ ಹದವಾದ ಕರೆಂಟ್ ಕೊಡುವ ಡಬ್ಬಿ) ಪ್ರತ್ಯೇಕ, ಬೆಳಕು ಏರಿಳಿಸಲು ಒಂದು ತಿರುಗಣೆ. ಬಳಕೆ ಬೆಂಗಳೂರಿನ ಫ್ಲ್ಯಾಟಿನ ಕೋಣೆಯಲ್ಲಿ. ಬಾಲ್ಕನಿ ಉತ್ತರಕ್ಕಿದೆ, ಮೆಣಸಿನ ಗಿಡಕ್ಕೆ ಬೇಕಾದಷ್ಟು ಬಿಸಿಲು ಅಲ್ಲಿ ಬೀಳುವುದಿಲ್ಲ. ಬೆಳೆದದ್ದು ಹಬನೇರೊ, ಭೂತ್ ಜೊಲೊಕಿಯಾ ಮತ್ತು ನಮ್ಮ ಮಲೆನಾಡಿನ ಸೂಜಿ ಮೆಣಸು.

ವಾಟ್ ವಿಷಯದಲ್ಲಿ ಮೊದಲೇ ಎಚ್ಚರ ಬೇಕು. 1000 ವಾಟ್ ಎಂದು ಮಾರುವ ಎಷ್ಟೋ ಲೈಟುಗಳು ಪ್ಲಗ್‌ನಿಂದ ಎಳೆಯುವುದು ನೂರು ವಾಟ್ ಅಷ್ಟೆ. ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್ ಒಂದಿದ್ದರೆ ಈ ಗೊಂದಲವೇ ಇಲ್ಲ. ಬೆಳಕನ್ನು ಅಳೆಯಲು ಮೊಬೈಲಿನ ಲಕ್ಸ್ ಆ್ಯಪ್ ಸಾಕು. ಇಂಥ ಬಿಳಿ ಬೆಳಕಿನಲ್ಲಿ ಲಕ್ಸ್ ಅನ್ನು 65ರಿಂದ ಭಾಗಿಸಿದರೆ ಪಿಪಿಎಫ್‌ಡಿ (ಗಿಡ ಬಳಸುವ ಬೆಳಕಿನ ಅಳತೆ) ಅಂದಾಜಾಗಿ ಸಿಗುತ್ತದೆ. ಸಸಿಗೆ 200, ಟೊಂಗೆ ಒಡೆಯುವಾಗ 300ರಿಂದ 400, ಹೂ ಮತ್ತು ಕಾಯಿಗೆ 400ರಿಂದ 600 ಇರಲಿ. ಬೋರ್ಡಿನ ನಡುಮಧ್ಯದಲ್ಲಿ 30 ಸೆಂ.ಮೀ. ಕೆಳಗೆ 45,000 ಲಕ್ಸ್ ತೋರಿಸುವ ಆ್ಯಪ್, ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದರೆ 12,000ಕ್ಕೆ ಇಳಿಯುತ್ತದೆ. ಸಸಿಗೆ ಅಷ್ಟು ನಡೆದೀತು, ಕಾಯಿಗೆ ನಡೆಯದು. 3×3 ಅಡಿಯ ಮಾತು ಬಿದ್ದುಹೋಗುವುದು ಇಲ್ಲೇ. ಮೂರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಅಂಚಿನ ಬೆಳಕು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವುದು ಬೇರೊಂದಿಲ್ಲ.

ಮೊಳಕೆ ಬಂದಾಗ ಬೋರ್ಡ್ ಎರಡು ಅಡಿ ಮೇಲಿರಲಿ, ತಿರುಗಣೆ ಅರ್ಧಕ್ಕಿರಲಿ. ಹೂ ಬರುವ ಹೊತ್ತಿಗೆ ಒಂದು ಅಡಿಗೆ ಇಳಿಸಿ ಪೂರ್ತಿ ಬೆಳಕು ಕೊಡಬೇಕು. ಬೋರ್ಡಿಗೆ ಹತ್ತಿರದ ಎಲೆಗಳು ಅಂಚು ಮೇಲೆತ್ತಿ ದೋಣಿಯಂತಾದರೆ, ತುದಿ ಬಿಳಿಚಿದರೆ ಬೆಳಕು ಅತಿಯಾಗಿದೆ. ದಿನಕ್ಕೆ 15 ಗಂಟೆ ಸಾಕು. 24 ಗಂಟೆ ಉರಿಸಿದರೆ ಬೇಗ ಬೆಳೆಯುತ್ತದೆ ಎಂಬ ನಂಬಿಕೆ ಬೇಡ. ಕತ್ತಲೆಯೇ ಸಿಗದ ಗಿಡದ ಎಲೆ ಹಳದಿಯಾಗುತ್ತದೆ.

ಕರೆಂಟ್ ಖರ್ಚು: ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ₹270. ಗೃಹಜ್ಯೋತಿ ಇರುವ ಮನೆಯವರು ಇದನ್ನು ಕೂಡಿಸಿ ನೋಡಿಕೊಳ್ಳಬೇಕು. 155 ಯೂನಿಟ್‌ಗಿಂತ ಹೆಚ್ಚು ಬಳಸುವ ಮನೆ ಈ 45 ಸೇರಿ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ಸಂಜೆ ಆರಕ್ಕೆ ಹಚ್ಚಿ ಬೆಳಗ್ಗೆ ಒಂಬತ್ತಕ್ಕೆ ಆರಿಸುವುದು ಲೇಸು. ಬೋರ್ಡಿನ ಶಾಖ ರಾತ್ರಿಯ ತಂಪಿಗೆ ಸರಿಹೋಗುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆ ಬೇರೆ ದಾರಿಯಿಲ್ಲ, ಏಕೆಂದರೆ ಹಗಲು 35 ಡಿಗ್ರಿ ದಾಟಿದ ಕೋಣೆಯಲ್ಲಿ ಹೂ ನಿಲ್ಲುವುದಿಲ್ಲ.

ದೀರ್ಘ ಬಳಕೆಯಲ್ಲಿ ಕೈಕೊಡುವ ಭಾಗ ಡ್ರೈವರ್. ಡಯೋಡ್‌ಗಳು ಬಾಳಿಕೆ ಬರುತ್ತವೆ, ಆದರೆ ಕರೆಂಟ್ ಹೋಗಿ ಬರುವಾಗಿನ ವೋಲ್ಟೇಜ್ ಏಟು ಮೊದಲು ಬೀಳುವುದು ಡ್ರೈವರ್ ಮೇಲೆ. ಅದು ಪ್ರತ್ಯೇಕವಾಗಿದ್ದರೆ ಅದೇ ವೋಲ್ಟೇಜ್ ಮತ್ತು ಆಂಪಿಯರ್‌ನ ಇನ್ನೊಂದನ್ನು ಹಾಕಿಸಬಹುದು. ಬೋರ್ಡಿನಲ್ಲೇ ಬೆಸೆದಿದ್ದರೆ ಇಡೀ ಲೈಟ್ ಗುಜರಿಗೆ. ಸರ್ಜ್ ಪ್ರೊಟೆಕ್ಟರ್ ಕಡ್ಡಾಯ. ಮುಳ್ಳು ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ. ತಿಂಗಳಿಗೊಮ್ಮೆ ಲೈಟ್ ಆರಿಸಿ, ತಣಿದ ಮೇಲೆ ಒಣಬಟ್ಟೆಯಿಂದ ಧೂಳು ಒರೆಸಬೇಕು.

ಇನ್ನು ಲೈಟು ಮಾಡಲಾಗದ ಕೆಲಸಗಳು. ಫಸಲು ಕೆಡುವುದು ಹೆಚ್ಚಾಗಿ ಇವುಗಳಿಂದಲೇ.

ಮನೆಯೊಳಗೆ ಗಾಳಿಯಿಲ್ಲ, ಜೇನಿಲ್ಲ. ಮೆಣಸಿನ ಹೂವಿಗೆ ತನ್ನದೇ ಪರಾಗ ಸಾಕಾದರೂ ಅದು ಉದುರಲು ಅಲುಗಾಟ ಬೇಕು. ಸಣ್ಣ ಫ್ಯಾನ್ ಸದಾ ಎಲೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಿರಲಿ, ದಿನಕ್ಕೊಮ್ಮೆ ಹೂಗೊಂಚಲ ಹತ್ತಿರದ ಕಾಂಡವನ್ನು ಬೆರಳಿನಿಂದ ತಟ್ಟಿ. ಕರಾವಳಿಯ ತೇವದ ಹವೆಯಲ್ಲಿ ಪರಾಗ ಅಂಟಿಕೊಳ್ಳುತ್ತದೆ, ಅಲ್ಲಿ ಫ್ಯಾನ್ ಇಲ್ಲದಿದ್ದರೆ ಹೂ ತೊಟ್ಟು ಸಮೇತ ಉದುರುತ್ತದೆ. ಗಾಳಿ ಆಡದೆ ನೀರೂ ಹೆಚ್ಚಾದರೆ ಎಲೆಯ ಅಡಿಯಲ್ಲಿ ಹರಳಿನಂಥ ಗುಳ್ಳೆಗಳು ಏಳುತ್ತವೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ನೀರು ತಗ್ಗಿಸಿ ಗಾಳಿ ಹೆಚ್ಚಿಸಿದರೆ ಹೊಸ ಎಲೆ ಸರಿಯಾಗಿ ಬರುತ್ತದೆ.

ಕುಂಡ 10ರಿಂದ 12 ಲೀಟರಿನದಾಗಿರಲಿ. ನಾಲ್ಕು ಪಾಲು ಕೊಕೊಪೀಟ್, ಮೂರು ಪಾಲು ಎರೆಗೊಬ್ಬರ, ಎರಡು ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಹರಳು), ಒಂದು ಹಿಡಿ ಬೇವಿನ ಹಿಂಡಿ. ಅಗ್ಗದ ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ನೆನೆಸಿ ಎರಡು ಮೂರು ನೀರು ತೊಳೆಯಲೇಬೇಕು. ತೊಳೆದ ಮೇಲೂ ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕಾಯಿಯ ತುದಿ ಕಪ್ಪಾಗಿ ಕೊಳೆಯಲು ಇದೊಂದು ಕಾರಣ, ನೀರು ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸುವುದು ಇನ್ನೊಂದು. ಒಂದು ವಾರ ಲೀಟರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ), ಮರುವಾರ ಲೀಟರಿಗೆ ಒಂದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿದರೆ ಫಾಸ್ಫೇಟ್ ಜೊತೆ ಕ್ಯಾಲ್ಸಿಯಂ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ.

ಒಳಾಂಗಣದಲ್ಲಿ ಮಳೆ ಬಡಿಯದು, ಪೀಡೆಗಳನ್ನು ತಿನ್ನುವ ಕೀಟಗಳೂ ಇಲ್ಲ; ಹಾಗಾಗಿ ರಸ ಹೀರುವ ಥ್ರಿಪ್ಸ್ (ನುಸಿ), ಮೈಟ್ (ಜೇಡನಂಥ ಸೂಕ್ಷ್ಮ ಜೀವಿ) ಒಮ್ಮೆ ಹೊಕ್ಕರೆ ಹಬ್ಬುವುದು ಬಲುಬೇಗ. ಎಲೆ ಮೇಲಕ್ಕೆ ಮುದುರಿದರೆ ಥ್ರಿಪ್ಸ್. ಕೆಳಕ್ಕೆ ಮುದುರಿ, ತೊಟ್ಟು ಉದ್ದವಾಗಿ, ಚಿಗುರು ಒರಟಾದರೆ ಮೈಟ್. ಮೊದಲನೆಯದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕರಗಲು ಸ್ವಲ್ಪ ಸೋಪು. ಎರಡನೆಯದಕ್ಕೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ, ಕುಂಡವನ್ನು ಬಾಲ್ಕನಿಗೆ ಒಯ್ದು ಎಲೆಯಡಿಗೆ ಸಿಂಪಡಿಸಬೇಕು. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರ ಬಿಡದಿದ್ದರೆ ಎಲೆ ಸುಡುತ್ತದೆ. ಒದ್ದೆ ಎಲೆಯ ಮೇಲೆ ಲೈಟ್ ಹಚ್ಚಬೇಡಿ. ನರ್ಸರಿಯಿಂದ ತಂದ ಗಿಡವನ್ನು ನೇರ ಬೋರ್ಡಿನಡಿ ಇಡದೆ ಎರಡು ವಾರ ದೂರವಿಡಿ. ಬೀಜದಿಂದ ಶುರುಮಾಡುವುದು ಇನ್ನೂ ವಾಸಿ, ಆದರೆ ಹಬನೇರೊ, ಜೊಲೊಕಿಯಾ ಬೀಜಗಳಿಗೆ 26ರಿಂದ 30 ಡಿಗ್ರಿ ಬಿಸಿ ಬೇಕು. ಮೊಳೆಯಲು ನಾಲ್ಕು ವಾರವೂ ಹಿಡಿಯಬಹುದು.

ತಳಿಗಳಲ್ಲಿ ಈ ಬೋರ್ಡಿಗೆ ಹೇಳಿ ಮಾಡಿಸಿದ್ದು ಹಬನೇರೊ: ಗಿಡ ಕುಳ್ಳು, ಕಾಯಿ ಗೊಂಚಲು. ಸೂಜಿ ಮೆಣಸು ವರ್ಷಗಟ್ಟಲೆ ಉಳಿಯುತ್ತದೆ, ಸವರಿದಷ್ಟೂ ಚಿಗುರುತ್ತದೆ. ಭೂತ್ ಜೊಲೊಕಿಯಾ ಎತ್ತರಕ್ಕೆ ಹೋಗುವುದರಿಂದ ಆರೇಳು ಎಲೆ ಆದಾಗಲೇ ಕುಡಿ ಚಿವುಟಬೇಕು, ಕಾಯಿ ಕಚ್ಚಿದ ಮೇಲೆ ಕೆಂಪಾಗಲು ಒಂದೂವರೆ ಎರಡು ತಿಂಗಳು ಕಾಯಬೇಕು. ಬ್ಯಾಡಗಿ ಮೆಣಸಿಗೆ ಈ ಬೋರ್ಡ್ ಹಚ್ಚುವುದು ದಂಡ. ಅದನ್ನು ಬಳಸುವುದು ಬಣ್ಣಕ್ಕೆ, ಅದೂ ಹಿಡಿಗಟ್ಟಲೆ. ಎರಡು ಕುಂಡದ ಫಸಲು ಒಂದು ಸಲದ ಸಾರಿನಪುಡಿಗೂ ಸಾಲದು.