ಬಿಆರ್‌ಸಿಎ ಪರೀಕ್ಷೆಯೋ, ಪ್ಯಾನೆಲ್ಲೋ?

ಡೊಂಬಿವಲಿಯ ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್ ಬಂದಾಗ ಯಾವ ಜೀನ್ ಪರೀಕ್ಷೆ ಮಾಡಿಸೋದು ಅಂತ ನಾವೂ ತಲೆ ಕೆಡಿಸಿಕೊಂಡೆವು. ನೂರರಲ್ಲಿ 5ರಿಂದ 10 ಸ್ತನ ಕ್ಯಾನ್ಸರ್ ಮಾತ್ರ ವಂಶದಿಂದ ಬರುತ್ತವೆ.

ಬಿಆರ್‌ಸಿಎ 1 ಮತ್ತು 2 ಅನ್ನುವ, ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಎರಡು ಜೀನ್ ಮಾತ್ರ ನೋಡಿದರೆ ಉತ್ತರ ಹೆಚ್ಚು ಸ್ಪಷ್ಟ. ದೋಷ ಸಿಕ್ಕರೆ ಒಲಾಪರಿಬ್ ಅನ್ನುವ ಕ್ಯಾನ್ಸರ್ ಮಾತ್ರೆ ಕೆಲವರಿಗೆ ಉಪಯೋಗಕ್ಕೆ ಬರುತ್ತದೆ.

ಪ್ಯಾನೆಲ್ ಪರೀಕ್ಷೆ ಪಿಎಎಲ್‌ಬಿ2, ಟಿಪಿ53 ಮುಂತಾದ ಜೀನ್‌ಗಳನ್ನೂ ಒಟ್ಟಿಗೆ ನೋಡುತ್ತದೆ. ಆದರೆ ‘ಈ ಬದಲಾವಣೆಯ ಅರ್ಥ ಇನ್ನೂ ಗೊತ್ತಿಲ್ಲ’ ಅನ್ನುವ ವರದಿಯೂ ಜಾಸ್ತಿ. ಅದನ್ನು ನೋಡಿ ಸುಮ್ನೆ ಹೆದರಬೇಡಿ, ಅದೊಂದನ್ನೇ ನಂಬಿ ಆಪರೇಷನ್ನಿಗೂ ಹೋಗಬೇಡಿ.

ಮನೆಯಲ್ಲಿ ಚಿಕ್ಕ ವಯಸ್ಸಿಗೇ ಬೇರೆ ಬೇರೆ ಕ್ಯಾನ್ಸರ್ ಬಂದಿದ್ದರೆ ನಾನು ಪ್ಯಾನೆಲ್ಲನ್ನೇ ಹೇಳುತ್ತೇನೆ. ಕಾಯಿಲೆ ಬಂದವರಿಗೇ ಮೊದಲು ಪರೀಕ್ಷೆ ಮಾಡಿಸಿ. ಮುಂಬೈ ಪರೇಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನಲ್ಲಿ ವಂಶದ ಕ್ಯಾನ್ಸರ್ ಬಗ್ಗೆ ಸಲಹೆ ಕೊಡುವ ಜೆನೆಟಿಕ್ಸ್ ಕ್ಲಿನಿಕ್ ಇದೆ. ರಕ್ತ ಕೊಡುವ ಮುಂಚೆ ಅಂಥ ಕಡೆ ಕೂತು ಮಾತಾಡಿ.