ಪ್ಲಾಸ್ಟಿಕ್ ಬುರುಡೆ ಕೊಳ್ಳುವವರು ಪೊರಕೆಕಡ್ಡಿ ಇಟ್ಟುಕೊಂಡಿರಿ

ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸ್) ಮೊದಲ ವರ್ಷಕ್ಕೆ ಸೇರಿದ ಎರಡನೇ ವಾರದಲ್ಲೇ ಈ ತಲೆಬುರುಡೆ ತರಿಸಿದೆ. ಆನ್‌ಲೈನ್‌ನಲ್ಲಿ 1,850 ರೂಪಾಯಿ. ನಿಜವಾದ ತಲೆಯಷ್ಟೇ ಗಾತ್ರ, ಪಿವಿಸಿ, ಮೂರು ತುಂಡು. ಮೇಲಿನ ಚಿಪ್ಪು, ಕೆಳಗಿನ ಬೇಸ್, ಸ್ಪ್ರಿಂಗ್ ಹಾಕಿ ಸಿಕ್ಕಿಸಿದ ಕೆಳದವಡೆ. ಜೊತೆಗೊಂದು ನಂಬರ್ ಚಾರ್ಟ್. ಹತ್ತು ತಿಂಗಳು ಬಳಸಿದ್ದೇನೆ, ಪರೀಕ್ಷೆಯೂ ಮುಗಿದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಬಾಕ್ಸ್ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತಿದವರನ್ನು ನಂಬಿ ನಾನು ಕೊಂಡಿದ್ದು, ಅದು ಬೇರೆ ವಿಷಯ.

ಪಿಜಿಯಲ್ಲಿ ನನ್ನ ರೂಮ್‌ಮೇಟ್ ಇಂಜಿನಿಯರಿಂಗ್ ಹುಡುಗಿ. ಮೊದಲ ವಾರ ರಾತ್ರಿ ಅದರ ಮೇಲೆ ಟವೆಲ್ ಮುಚ್ಚಿ ಮಲಗುತ್ತಿದ್ದಳು. ಎರಡನೇ ವಾರದಿಂದ ಕೆನ್ನೆಮೂಳೆಯ ಕಮಾನಿಗೆ ತನ್ನ ಹೇರ್ ಕ್ಲಿಪ್ ಸಿಕ್ಕಿಸಿಡೋಕೆ ಶುರು ಮಾಡಿದಳು.

ಚೆನ್ನಾಗಿರೋದನ್ನು ಮೊದಲು ಹೇಳಿಬಿಡ್ತೀನಿ. ಬುರುಡೆಯಲ್ಲಿ 22 ಮೂಳೆ, ಮೆದುಳಿನ ಸುತ್ತ 8, ಮುಖಕ್ಕೆ 14. ಇವು ಒಂದಕ್ಕೊಂದು ಹೊಲಿದುಕೊಂಡಿರುವ ಗೆರೆಗಳು ಇದರಲ್ಲಿ ನಿಜವಾಗಿಯೂ ಸ್ಪಷ್ಟವಾಗಿವೆ. ಪುಸ್ತಕದಲ್ಲಿ ಸ್ಫೀನಾಯ್ಡ್ ಅನ್ನೋ ಮೂಳೆ ಓದುವಾಗ ತಲೆ ಕೆಟ್ಟು ಹೋಗುತ್ತದೆ ಅಲ್ವಾ? ಹೊರಗೆ ಕಣತಲೆಯಲ್ಲೂ ಅದೇ, ಕಣ್ಣಿನ ಗೂಡಿನ ಹಿಂದೆಯೂ ಅದೇ, ಒಳಗೆ ನಟ್ಟನಡುವೆಯೂ ಅದೇ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಾಗ ಮಾತ್ರ ಅದೊಂದೇ ಮೂಳೆ ಅಂತ ನಂಬಿಕೆ ಬರುತ್ತದೆ. ಕಣತಲೆಯಲ್ಲಿ ನಾಲ್ಕು ಮೂಳೆ ಸೇರುವ ಟೆರಿಯಾನ್ ಕೂಡ ಸರಿಯಾಗಿದೆ. ಚಿಪ್ಪು ತೆಗೆದು ಒಳಗಡೆಯಿಂದ ಬೆರಳಾಡಿಸಿದರೆ ಮಿಡಲ್ ಮೆನಿಂಜಿಯಲ್ ಆರ್ಟರಿ (ಮೆದುಳಿನ ಹೊದಿಕೆಯ ರಕ್ತನಾಳ) ಕೊರೆದ ಗೀರು ಅದೇ ಜಾಗದ ಹಿಂದೆ ಸಿಗುತ್ತದೆ. ಬೈಕಿನಿಂದ ಬಿದ್ದು ಕಣತಲೆಗೆ ಪೆಟ್ಟು ಮಾಡಿಕೊಂಡವರು ಎದ್ದು ಕೂತು, ಚೆನ್ನಾಗೇ ಮಾತಾಡಿ, ಕೆಲವು ಗಂಟೆ ಬಿಟ್ಟು ಕುಸಿದು ಬೀಳೋದು ಯಾಕೆ ಅಂತ ನನಗೆ ಅರ್ಥವಾಗಿದ್ದು ಕ್ಲಾಸಲ್ಲಲ್ಲ, ಮಂಚದ ಮೇಲೆ ಕೂತು ಆ ಗೀರಿನ ಮೇಲೆ ಬೆರಳಿಟ್ಟಾಗ. ಅಲ್ಲಿ ಮೂಳೆ ಒಡೆದು ಆರ್ಟರಿ ಹರಿದರೆ ರಕ್ತ ಒಳಗೇ ತುಂಬುತ್ತಾ ಹೋಗಿ ಮೆದುಳನ್ನು ಒತ್ತುತ್ತದೆ.

ಕೆಳದವಡೆಯೂ ಪರವಾಗಿಲ್ಲ. ಒಳಮೈಯಲ್ಲಿ ಮ್ಯಾಂಡಿಬ್ಯುಲರ್ ಫೊರಾಮೆನ್ (ಫೊರಾಮೆನ್ ಅಂದರೆ ಮೂಳೆಯಲ್ಲಿನ ತೂತು), ಅದರ ಮುಂದೆ ಲಿಂಗುಲಾ ಅನ್ನೋ ಪುಟ್ಟ ನಾಲಿಗೆಯಂಥ ಮೂಳೆ, ಎರಡೂ ಇವೆ. ಡೆಂಟಲ್‌ನವರಿಗೆ ಇದು ಮುಖ್ಯ. ಕೆಳಗಿನ ಹಲ್ಲು ಕೀಳುವ ಮುಂಚೆ ಮರಗಟ್ಟಿಸುವ ಇಂಜೆಕ್ಷನ್ ಕೊಡೋದು ಆ ಜಾಗಕ್ಕೇ.

ಈಗ ಬೈಗುಳ.

ಬುರುಡೆ ಓದುವುದು ಅಂದರೆ ಅರ್ಧ ಪಾಲು ತೂತು ಓದುವುದು. ಯಾವ ತೂತಿನಲ್ಲಿ ಯಾವ ನರ, ಯಾವ ರಕ್ತನಾಳ. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಬುರುಡೆ ಕೈಗೆ ಕೊಟ್ಟು, ಒಂದು ಕಡ್ಡಿ ತೂರಿಸಿ, "ಇದರಲ್ಲಿ ಏನಮ್ಮಾ ಹೋಗುತ್ತೆ?" ಅಂತ ಕೇಳುತ್ತಾರೆ. ಹಾಗಾಗಿ ತೂತು ತೂತಾಗಿರಬೇಕು. ಇದರಲ್ಲಿ ಫೊರಾಮೆನ್ ಓವೇಲ್ ಆಚೆಯಿಂದ ಈಚೆಗೆ ಸರಿಯಾಗಿ ತೂರುತ್ತದೆ. ಅದರ ಹಿಂದೆ, ಸ್ವಲ್ಪ ಹೊರಗಡೆಗೆ ಇರಬೇಕಾದ ಫೊರಾಮೆನ್ ಸ್ಪೈನೋಸಮ್ ಇದೆಯಲ್ಲ, ಮೇಲೆ ಹೇಳಿದ ಆರ್ಟರಿ ಬುರುಡೆಯೊಳಗೆ ಬರುವುದೇ ಅದರಲ್ಲಿ, ಅದು ಬರೀ ಒಂದು ಗುಳಿ. ಗುಳಿಗೆ ಕಪ್ಪು ಬಣ್ಣ ಹಚ್ಚಿದ್ದಾರೆ! ಫೋಟೋದಲ್ಲಿ ಥೇಟ್ ತೂತಿನ ಹಾಗೇ ಕಾಣುತ್ತದೆ. ರೋಟಂಡಮ್ ಅನ್ನೋ ಇನ್ನೊಂದು ತೂತು ಒಂದು ಕಡೆ ತೆರೆದಿದೆ, ಇನ್ನೊಂದು ಕಡೆ ಮುಚ್ಚಿದೆ. ಮೂಗಿನ ಮೇಲ್ಛಾವಣಿಯಲ್ಲಿ ವಾಸನೆಯ ನರದ ಎಳೆಗಳು ಇಳಿಯುವ ಜರಡಿ ಇರಬೇಕಿತ್ತು, ಅಲ್ಲಿ ನಾಲ್ಕು ಚುಕ್ಕೆ. ಫೇಶಿಯಲ್ ನರ ಹೊರಬರುವ ಸ್ಟೈಲೋಮ್ಯಾಸ್ಟಾಯ್ಡ್ ತೂತು ಎಡಕ್ಕಿದೆ, ಬಲಕ್ಕಿಲ್ಲ. ಚಾರ್ಟಿನಲ್ಲಿ 34 ಅನ್ನುವ ನಂಬರ್ ಎರಡು ಸಲ ಬಂದಿದೆ.

ಮೊದಲ ಇಂಟರ್ನಲ್‌ನಲ್ಲಿ ನಾನು ಸಿಕ್ಕಿಬಿದ್ದಿದ್ದು ಇದರಿಂದಲೇ. ಕೈಗೆ ನಿಜವಾದ ಬುರುಡೆ ಕೊಟ್ಟು ಸ್ಪೈನೋಸಮ್ ತೋರಿಸು ಅಂದರು. ನಾನು ಕಪ್ಪು ಚುಕ್ಕೆ ಹುಡುಕುತ್ತಾ ನಿಂತೆ. ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡ ತೂತು, ಕಣ್ಣೆದುರಿಗೇ ಇತ್ತು.

ಆಮೇಲೆ ಗೊತ್ತಾದ ಇನ್ನೊಂದು ವಿಷಯ ಯಾವ ರಿವ್ಯೂದಲ್ಲೂ ಇರಲಿಲ್ಲ. ಪ್ಲಾಸ್ಟಿಕ್ ಎಲ್ಲಾ ಕಡೆ ಒಂದೇ ದಪ್ಪ. ನಿಜವಾದ ಮೂಳೆ ಹಾಗಿರಲ್ಲ. ಡಿಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಡಂ ಚಿಪ್ಪಿಲ್ಲದ ಬುರುಡೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಕಣ್ಣಿನ ಗೂಡಿನ ಸೂರು ಎಣ್ಣೆ ಕಾಗದದ ಹಾಗೆ ಹೊಳೆಯಿತು, ಬೆಳಕು ಆರಪಾರ. ಕಣ್ಣಿಗೂ ಮೆದುಳಿಗೂ ನಡುವೆ ಇಷ್ಟೇನಾ ಅಂತ ಮೈ ಜುಮ್ಮೆಂದಿತು. ಕಿವಿಯ ಕೆಳಗಿನ ಸ್ಟೈಲಾಯ್ಡ್ ಕಡ್ಡಿ ಅಲ್ಲಿ ಎಷ್ಟೋ ಬುರುಡೆಗಳಲ್ಲಿ ಮುರಿದೇ ಹೋಗಿದೆ, ಅಷ್ಟು ನಾಜೂಕು. ನನ್ನದರಲ್ಲಿ ಅದು ರಬ್ಬರಿನ ಹಾಗೆ ಬಾಗುತ್ತದೆ.

ಹಾಗಂತ ನಿಜವಾದ ಬೋನ್ ಸೆಟ್ ಸೀನಿಯರ್ ಹತ್ತಿರ ಕೊಂಡುಬಿಡಿ ಅಂತ ನಾನು ಹೇಳಲ್ಲ. ಅದು ಯಾರದೋ ತಲೆ, ಎಲ್ಲಿಂದ ಬಂತು ಅಂತ ಮಾರುವವರಿಗೂ ಗೊತ್ತಿರಲ್ಲ. ಒಂದು ಕಾಲದಲ್ಲಿ ಕೋಲ್ಕತ್ತಾದಿಂದ ಹೊರದೇಶದ ಮೆಡಿಕಲ್ ಕಾಲೇಜುಗಳಿಗೆ ಮೂಳೆ ಹೋಗುತ್ತಿತ್ತು, 1985ರಲ್ಲಿ ಸರ್ಕಾರ ಆ ರಫ್ತನ್ನೇ ನಿಲ್ಲಿಸಿತು. ಕಾಲೇಜಿನಲ್ಲಿರುವುದನ್ನು ಕಾಲೇಜಿನಲ್ಲೇ ನೋಡಿ, ಸಾಕು.

ಕುತ್ತಿಗೆ ಓದೋಕೆ ಈ ಸೆಟ್ ಏನೂ ಪ್ರಯೋಜನವಿಲ್ಲ. ಗಂಟಲಿನ ಹಯಾಯ್ಡ್ ಮೂಳೆ ಬರಲ್ಲ, ಕುತ್ತಿಗೆಯ ಮೊದಲ ಮೂಳೆ ಅಟ್ಲಾಸ್ ಬರಲ್ಲ. ಕುತ್ತಿಗೆಯ ಮಾಡೆಲ್ ಬೇರೆ ಸಿಗುತ್ತದೆ, ಗೆಳತಿಯೊಬ್ಬಳು ಆರು ಸಾವಿರ ಕೊಟ್ಟು ತಂದಳು. ಆರ್ಟರಿ ಕೆಂಪು, ವೇನ್ ನೀಲಿ, ನರ ಹಳದಿ. ಡಿಸೆಕ್ಷನ್ ಹಾಲಿನಲ್ಲಿ ಫಾರ್ಮಲಿನ್ ವಾಸನೆಯ ನಡುವೆ ನೋಡಿದರೆ ಎಲ್ಲವೂ ಒಂದೇ ಮಾಸಲು ಕಂದು! ದುಡ್ಡು ಉಳಿಸಿ, ಕನ್ನಡಿ ಮುಂದೆ ನಿಲ್ಲಿ. ಮುಖ ಬಲಕ್ಕೆ ತಿರುಗಿಸಿದರೆ ಎಡಗಡೆ ಸ್ಟರ್ನೋಮ್ಯಾಸ್ಟಾಯ್ಡ್ ಸ್ನಾಯು ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ. ಹಲ್ಲು ಕಚ್ಚಿದರೆ ದವಡೆಯ ಮೂಲೆಯಲ್ಲಿ ಮ್ಯಾಸೆಟರ್ ಸ್ನಾಯು ಉಬ್ಬುತ್ತದೆ. ಗಂಟಲಿನ ಮೇಲ್ಭಾಗದಲ್ಲಿ ಹಯಾಯ್ಡನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದು ಉಗುಳು ನುಂಗಿ, ಅದು ಮೇಲೆ ಜಾರೋದು ಗೊತ್ತಾಗುತ್ತದೆ. ಬೇರೆ ಯಾವ ಮೂಳೆಗೂ ಕೂಡಿಕೊಳ್ಳದೆ ನೇತಾಡೋ ಮೂಳೆ ಅದು. ಎಲ್ಲಾ ಪುಕ್ಕಟೆ.

ಮಾರಿದವರಿಗೆ ತೂತಿನ ಫೋಟೋ ಕಳಿಸಿ ದೂರು ಕೊಟ್ಟೆ. "ಮೇಡಂ, ಇದು ಡಿಸೈನೇ ಹಾಗೆ" ಅಂದರು. ಎರಡನೇ ಮೆಸೇಜಿಗೆ 150 ರೂಪಾಯಿ ವಾಪಸ್ ಕೊಡ್ತೀವಿ, ರಿವ್ಯೂ ಹಾಕಬೇಡಿ ಅಂದರು. ತಗೊಳ್ಳಲಿಲ್ಲ. ಐದಕ್ಕೆ ಎರಡೂವರೆ ಕೊಡಬಹುದು, ಆ ಎರಡೂವರೆಯೂ ಹೊಲಿಗೆ ಗೆರೆಗಳಿಗೆ, ದವಡೆಗೆ. ನೀವು ಇಂಥದ್ದೇ ತರಿಸಿದರೆ ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಒಂದು ಪೊರಕೆಕಡ್ಡಿ ತೆಗೆದುಕೊಂಡು ಕೂತು, ಚಾರ್ಟಿನಲ್ಲಿರುವ ಪ್ರತಿ ತೂತಿಗೂ ತೂರಿಸಿ ನೋಡಿ. ಕಡ್ಡಿ ಆಚೆ ಬರದಿದ್ದರೆ ಪ್ಯಾಕ್ ಮಾಡಿ ಕಳಿಸಿ.

ನನಗೆ ಆ ಗಡುವು ಮುಗಿದಿತ್ತು. ಮೇಣದಬತ್ತಿಯಲ್ಲಿ ದಬ್ಬಣ ಕಾಯಿಸಿ ನಾನೇ ಎರಡೂ ಕಡೆ ಸ್ಪೈನೋಸಮ್ ಕೊರೆದೆ. ಸುಟ್ಟ ಪಿವಿಸಿ ವಾಸನೆ ಎರಡು ದಿನ ರೂಮಿನಲ್ಲಿತ್ತು, ರೂಮ್‌ಮೇಟ್ ಮಾತು ಬಿಟ್ಟಳು. ಎಡಗಡೆಯದು ಒಂಚೂರು ಸೊಟ್ಟಗೆ ಹೋಗಿದೆ. ಮೊನ್ನೆ ಜೂನಿಯರ್ ಒಬ್ಬಳಿಗೆ 900ಕ್ಕೆ ಕೊಟ್ಟೆ, ಸೊಟ್ಟಗಿರೋದನ್ನು ಮೊದಲೇ ಹೇಳಿಯೇ ಕೊಟ್ಟಿದ್ದೇನೆ.