ಹುಡುಕಿದ್ದನ್ನು ಅಳಿಸೋಕೆ ಗೂಗಲ್‌ನ ‘ಮೈ ಆಕ್ಟಿವಿಟಿ’: ಬಳಸಿ ನೋಡಿದ ಮೇಲೆ

ಎರಡು ತಿಂಗಳ ಹಿಂದೆ ಹಾಸನದ ಬಿ.ಎಂ. ರಸ್ತೆ ಹತ್ತಿರದ ಒಂದು ಬ್ರೌಸಿಂಗ್ ಸೆಂಟರ್‌ಗೆ ಪಹಣಿ ಪ್ರಿಂಟ್ ತೆಗೆಸೋಕೆ ಹೋಗಿದ್ದೆ. ಫೈಲ್ ಮೇಲ್‌ನಲ್ಲಿತ್ತು, ಅಲ್ಲೇ ಲಾಗಿನ್ ಆದೆ. ಕಾಗದ ಇನ್ನೂ ಹೊರಗೆ ಬರ್ತಾ ಇತ್ತು, ಅಷ್ಟರಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಅದೇ ಕಂಪ್ಯೂಟರ್ ಮುಂದೆ ಕೂತರು. ಹೇಮಾವತಿ ಡ್ಯಾಮ್ ನೀರಿನ ಮಟ್ಟ ನೋಡಬೇಕಿತ್ತು ಅವರಿಗೆ. ಇಂಗ್ಲಿಷ್ ಅಕ್ಷರದಲ್ಲಿ ಎಚ್, ಇ ಅಂತ ಒತ್ತಿದರು ಅಷ್ಟೇ, ಕೆಳಗೆ ಪುಟ್ಟ ಗಡಿಯಾರದ ಗುರುತಿನ ಜೊತೆ ನಾನು ಹಿಂದೆ ಹುಡುಕಿದ್ದು ಬಂತು: ‘ಹೆರಿಗೆ ಆದ್ಮೇಲೆ ಸುಮ್ನೆ ಅಳು ಬರೋದು ಯಾಕೆ.’

ಅವರು ಓದಿದರು. ನನ್ನ ಕಡೆ ತಿರುಗಿ, “ಯಾಕವ್ವಾ, ಹುಷಾರಾಗಿದ್ದೀಯಾ?” ಅಂದರು. ಪ್ರೀತಿಯಿಂದಲೇ ಕೇಳಿದರು. ಆದರೆ ಅದು ನಾನು ಗಂಡನಿಗೂ ಹೇಳಿರದ ಮಾತು.

ಮನೆಗೆ ಬಂದು ಫೋನ್‌ನ ಕ್ರೋಮ್‌ನಲ್ಲಿ ಹಿಸ್ಟರಿ ಪೂರ್ತಿ ಅಳಿಸಿದೆ. ಮತ್ತೆ ಅದೇ ಎರಡು ಅಕ್ಷರ ಹೊಡೆದರೆ ಆ ಸಾಲು ಮತ್ತೆ ಹಾಜರ್! ಯಾಕೆ ಅಂದರೆ ಕ್ರೋಮ್ ಹಿಸ್ಟರಿ ಬೇರೆ, ನಮ್ಮ ಗೂಗಲ್ ಖಾತೆಯಲ್ಲಿ ಉಳಿಯೋದು ಬೇರೆ. ಒಂದನ್ನು ಅಳಿಸಿದರೆ ಇನ್ನೊಂದು ಹೋಗಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಖಾತೆಯದ್ದು ಸಿಗೋದು ‘ಮೈ ಆಕ್ಟಿವಿಟಿ’ ಅನ್ನೋ ಗೂಗಲ್ ಪುಟದಲ್ಲಿ. ತೆರೆದಾಗ ಕೈ ನಡುಗಿತು. ದಿನ, ಗಂಟೆ, ನಿಮಿಷದ ಸಮೇತ ಎಲ್ಲಾ ಇದೆ. ಮಗು ಹುಟ್ಟಿದ ಎರಡನೇ ವಾರ, ರಾತ್ರಿ 2:40, 2:52, 3:15, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ಕೇಳಿದ್ದೀನಿ. ಇನ್ನೂ ಕೆಳಗೆ ಹೋದರೆ 2016ರಲ್ಲಿ ಕಾಲೇಜಿನಲ್ಲಿದ್ದಾಗ ಹುಡುಕಿದ್ದೂ ಹಾಗೇ ಕೂತಿದೆ. 18 ತಿಂಗಳಿಗೆ ತಾನಾಗಿ ಅಳಿಸೋದನ್ನು 2020ರ ಜೂನ್‌ನಿಂದ ಹೊಸ ಖಾತೆಗಳಿಗೆ ಮಾತ್ರ ಮೊದಲೇ ಹಾಕಿ ಕೊಟ್ಟರು, ನಮ್ಮಂಥ ಹಳಬರು ನಾವೇ ಹುಡುಕಿಕೊಂಡು ಹೋಗಿ ಆನ್ ಮಾಡಬೇಕು. ಇದು ನನಗೆ ಸರಿ ಅನಿಸಲಿಲ್ಲ.

ಅಳಿಸೋ ಕೆಲಸ ಮಾತ್ರ ಸಲೀಸು. ಒಂದು ಗಂಟೆಯದ್ದು, ಒಂದು ದಿನದ್ದು, ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ, ಇಲ್ಲಾ ಪೂರ್ತಿ, ಹೇಗೆ ಬೇಕಾದರೂ ತೆಗೀಬಹುದು. ನಾನು ಪೂರ್ತಿ ತೆಗೆದೆ. ಯೂಟ್ಯೂಬ್ ಹಿಸ್ಟರಿಗೆ ಸೆಟ್ಟಿಂಗ್ ಬೇರೆ ಇರುತ್ತೆ, ಅದನ್ನು ಮರೀಬೇಡಿ. ಈ ಪುಟ ತೆರೆಯೋಕೆ ಮುಂಚೆ ಪಾಸ್‌ವರ್ಡ್ ಕೇಳೋ ಹಾಗೂ ಮಾಡಬಹುದು, ಮನೆಮಂದಿಯೆಲ್ಲಾ ಒಂದೇ ಫೋನ್ ಹಿಡಿಯೋ ಕಡೆ ಇದು ದೊಡ್ಡ ಉಪಕಾರ. ಇನ್ನೊಂದು ವಿಷಯ, ನನ್ನ ಖಾತೆ ಆ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಇನ್ನೂ ತೆರೆದೇ ಇತ್ತು! ಖಾತೆಯ ಸೆಕ್ಯುರಿಟಿ ಪುಟದಲ್ಲಿ ಸಾಧನಗಳ ಪಟ್ಟಿ ಇರುತ್ತೆ, ಅಲ್ಲಿಂದ ಮನೆಯಲ್ಲೇ ಕೂತು ಸೈನ್ ಔಟ್ ಮಾಡಿದೆ. ನೀವು ಮೊದಲು ಮಾಡಬೇಕಾದ್ದು ಇದೇ.

ಕ್ರೋಮ್‌ನಲ್ಲಿ ಗುಟ್ಟಾಗಿ ನೋಡೋಕೆ ಅಂತ ಇನ್‌ಕಾಗ್ನಿಟೊ ಇದೆಯಲ್ಲ ಅಂತೀರಾ? ಅದು ನಿಮ್ಮ ಫೋನ್‌ನಲ್ಲಿ ಹಿಸ್ಟರಿ ಉಳಿಸಲ್ಲ ಅಷ್ಟೇ, ಇಂಟರ್ನೆಟ್ ಕೊಡೋ ಕಂಪನಿಗೂ ನೀವು ಹೋದ ವೆಬ್‌ಸೈಟಿಗೂ ಮರೆ ಆಗಲ್ಲ. ಇನ್‌ಕಾಗ್ನಿಟೊದಲ್ಲಿದ್ದಾಗಲೂ ಗೂಗಲ್ ಮಾಹಿತಿ ಕೂಡಿಡುತ್ತೆ ಅಂತ ಅಮೆರಿಕದಲ್ಲಿ 2020ರಲ್ಲಿ ಕೇಸ್ ಆಗಿ, 2024ರಲ್ಲಿ ಹಾಗೆ ಕೂಡಿಟ್ಟ ಮಾಹಿತಿಯನ್ನು ನಾಶ ಮಾಡೋಕೆ ಗೂಗಲ್ ಒಪ್ಪಿಕೊಂಡಿತು.

5ಕ್ಕೆ 3 ಕೊಡ್ತೀನಿ. ಅಳಿಸಿದ್ದು ನಮ್ಮ ಕಣ್ಣಿಂದ ತಕ್ಷಣ ಹೋಗುತ್ತೆ, ಆದರೆ ಅವರ ಸರ್ವರ್‌ಗಳಿಂದ ಪೂರ್ತಿ ಹೋಗೋಕೆ ಸುಮಾರು 2 ತಿಂಗಳು ಬೇಕು ಅಂತ ಅವರೇ ಹೇಳ್ತಾರೆ, ಬ್ಯಾಕಪ್‌ನಲ್ಲಿ 6 ತಿಂಗಳವರೆಗೂ ಇರಬಹುದಂತೆ. ಒಂದು ಮಾರ್ಕು ಅದಕ್ಕೆ ಕಳೆದೆ. ಇನ್ನೊಂದು ಕಳೆದಿದ್ದು ತಾನಾಗಿ ಅಳಿಸೋ ಅವಧಿಗೆ. 3, 18, 36 ತಿಂಗಳು, ಇರೋದು ಇಷ್ಟೇ. ನಾನು 3 ಇಟ್ಟಿದ್ದೀನಿ. ಬಾಣಂತಿ ಕೋಣೆಯಲ್ಲಿ ರಾತ್ರಿ ಮೂರು ಗಂಟೆಗೆ ಕೇಳಿದ ಪ್ರಶ್ನೆ ಮೂರು ತಿಂಗಳು ಯಾಕೆ ಇರಬೇಕು? ಒಂದು ವಾರ ಅಂತ ಒಂದು ಆಯ್ಕೆ ಕೊಡಲಿ, ಆವತ್ತೇ ಬಂದು ಮಾರ್ಕು ಜಾಸ್ತಿ ಮಾಡ್ತೀನಿ.